ಎರಡು ಬಾಗಿಲಿನ ಡೇರೆ

ನಾಯಕನಹಟ್ಟಿ ಸೀಮೆಯವರಿಗೆ ರಕ್ಷಣಾ ಇಲಾಖೆ ಹೊಸದಲ್ಲ. 2017ರಲ್ಲಿ ಹತ್ತಿರದ ವರವು ಕಾವಲಿನಲ್ಲಿ ಡಿಆರ್‌ಡಿಒ ವೈಮಾನಿಕ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು. ಪೈಲಟ್ ಇಲ್ಲದೆ ಹಾರುವ ವಿಮಾನದ ವಿಷಯ ಕುರಿ ಕಾಯುವ ಹುಡುಗರಿಗೂ ಗೊತ್ತು. ಸೇನೆ ಎಂದರೆ ನಮಗೆ ಬೇಲಿ, ಗೇಟು, ಆಯುಧ. ಅದೇ ಸೇನೆಗೆ ಇನ್ನೊಂದು ಕೆಲಸವಿದೆ: ಬೇರೆಯವರ ಜಗಳದ ನಡುವೆ ಹೋಗಿ ನಿಲ್ಲುವುದು. ಬಿಡಿಸಲು ಹೋದವನಿಗೇ ಮೊದಲ ಏಟು ಬೀಳುತ್ತದೆ ಅನ್ನುತ್ತಾರಲ್ಲ, ಅಂಥ ಕೆಲಸ. ಅದನ್ನು ಹತ್ತಿರದಿಂದ ಅರಿಯಲು ಮಡಿಕೇರಿಯ ‘ಸನ್ನಿಸೈಡ್’ಗೆ ಹೋಗಬೇಕು.

ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಬಾಲ್ಯ ಕಳೆದ ಮನೆ ಅದು. ಬಹುಕಾಲ ಆರ್‌ಟಿಒ ಕಚೇರಿಯಾಗಿದ್ದ ಕಟ್ಟಡ 2021ರ ಫೆಬ್ರುವರಿ 6ರಂದು ಅವರ ವಸ್ತುಸಂಗ್ರಹಾಲಯವಾಗಿ ತೆರೆಯಿತು. 1948ರಲ್ಲಿ ಜೋಜಿ ಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ್ದು, ಮುಂದೆ ಸೇನಾ ಮುಖ್ಯಸ್ಥರಾಗಿದ್ದು ಎಲ್ಲರಿಗೂ ಗೊತ್ತು. ನನಗೆ ಅವರು ದೊಡ್ಡವರಾಗಿ ಕಾಣುವುದು ಕೊರಿಯಾದಲ್ಲಿ.

1953ರ ಜುಲೈನಲ್ಲಿ ಅಲ್ಲಿ ಉತ್ತರ, ದಕ್ಷಿಣ ಕೊರಿಯಾಗಳ ಯುದ್ಧದ ಗುಂಡಿನ ಸದ್ದು ನಿಂತಿತು. ಆದರೆ ತಾಯ್ನಾಡಿಗೆ ಮರಳಲು ಒಪ್ಪದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಚೀನೀ, ಉತ್ತರ ಕೊರಿಯಾ ಕೈದಿಗಳು ಉಳಿದಿದ್ದರು. ಐದು ದೇಶಗಳ ತಟಸ್ಥ ಆಯೋಗಕ್ಕೆ ತಿಮ್ಮಯ್ಯ ಅಧ್ಯಕ್ಷರು; ಕೈದಿಗಳ ಕಾವಲು ಭಾರತದ ಸೈನಿಕರದು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ, ಭಾರತದ ಸೈನಿಕ ತನ್ನ ನೆಲ ತುಳಿಯಕೂಡದು ಎಂದು ಹಟ ಹಿಡಿದರು. ಹಾಗಾಗಿ ಹಡಗಿನಲ್ಲಿ ಬಂದ ನಮ್ಮವರನ್ನು ಹೆಲಿಕಾಪ್ಟರ್‌ಗಳಲ್ಲಿ ಹೊತ್ತು ಸೇನಾಮುಕ್ತ ವಲಯಕ್ಕೆ ಇಳಿಸಬೇಕಾಯಿತು. ಅಲ್ಲಿ ಅವರ ಬಿಡಾರಕ್ಕೆ ‘ಹಿಂದ್ ನಗರ’ ಎಂದು ಹೆಸರು.

ಕೈದಿಯನ್ನು ಒಬ್ಬೊಬ್ಬನನ್ನಾಗಿ ಡೇರೆಗೆ ಕರೆತರುತ್ತಿದ್ದರು. ಅವನ ದೇಶದ ಅಧಿಕಾರಿಗಳು ಊರಿಗೆ ಬಾ ಎಂದು ತಿಳಿಹೇಳಬೇಕು, ಎದುರು ಪಕ್ಷದವರು ನೋಡುತ್ತ ಕೂರಬೇಕು. ಡೇರೆಗೆ ಹೊರಹೋಗಲು ಎರಡು ಬಾಗಿಲು: ಒಂದು ತಾಯ್ನಾಡಿಗೆ, ಇನ್ನೊಂದು ಶಿಬಿರಕ್ಕೆ ವಾಪಸ್. ಯಾವುದರಲ್ಲಿ ಹೋಗಬೇಕೆಂಬುದು ಅವನ ಇಷ್ಟ. ಕೈದಿಗಳಲ್ಲಿ ಕೆಲವರು ನಮ್ಮ ಜವಾನರ ಮೇಲೆ ಕಲ್ಲೆಸೆದರು, ಎರಡೂ ಕಡೆಯವರು ಪಕ್ಷಪಾತದ ದೂರು ಹೊರಿಸಿದರು. ಬಂದೂಕು ಇರುವವನು ಇಷ್ಟೆಲ್ಲ ಸಹಿಸಿ ನಿಲ್ಲುವುದು ಯುದ್ಧಕ್ಕಿಂತ ಕಷ್ಟ ಎಂದೇ ನನ್ನ ನಂಬಿಕೆ. ಎರಡೂ ಕಡೆ ಬೇಡವೆಂದ 88 ಮಂದಿ ಕೊನೆಗೆ ನಮ್ಮವರ ಜೊತೆ ಹಡಗು ಹತ್ತಿ ಭಾರತಕ್ಕೇ ಬಂದರು.

ಅದೇ ಕೊರಿಯಾದಲ್ಲಿ ಗಾಯಾಳುಗಳ ಆರೈಕೆ ಮಾಡಿದ 60ನೇ ಪ್ಯಾರಾ ಫೀಲ್ಡ್ ಆಂಬುಲೆನ್ಸ್ ಇಂದಿಗೂ ಇದೆ. 2023ರ ಫೆಬ್ರುವರಿಯ ಭೂಕಂಪದಲ್ಲಿ ಟರ್ಕಿಯ ಇಸ್ಕೆಂದೆರುನ್‌ಗೆ ಹೋಗಿ ಆಸ್ಪತ್ರೆ ತೆರೆದದ್ದು ಅದೇ ಘಟಕ.

ನಿವೃತ್ತರಾದ ತಿಮ್ಮಯ್ಯನವರನ್ನು 1964ರಲ್ಲಿ ವಿಶ್ವಸಂಸ್ಥೆ ಸೈಪ್ರಸ್‌ಗೆ ಕರೆಯಿತು. ಗ್ರೀಕರು, ತುರ್ಕರು ಒಂದೇ ದ್ವೀಪದಲ್ಲಿ ಕಾದಾಡುತ್ತಿದ್ದರು. ಶಾಂತಿಪಡೆಯ ದಂಡನಾಯಕರಾಗಿದ್ದಾಗಲೇ, 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ಅಂಚೆಚೀಟಿ ಹೊರಡಿಸಿತು.

ಚಳ್ಳಕೆರೆ, ಮೊಳಕಾಲ್ಮುರು ಕಡೆಯಿಂದ ಕೊಡಗಿಗೆ ಪ್ರವಾಸ ಹೊರಡುವ ಮೇಷ್ಟ್ರುಗಳೇ, ರಾಜಾಸೀಟ್, ಅಬ್ಬಿ ಜಲಪಾತ ನೋಡಿಕೊಂಡು ಬಸ್ಸು ತಿರುಗಿಸಬೇಡಿ. ಸನ್ನಿಸೈಡ್‌ಗೆ ಒಂದು ಗಂಟೆ ಕೊಡಿ. ಮಕ್ಕಳು ಅಂಗಳದ ಟ್ಯಾಂಕಿನ ಮುಂದೆ ಫೋಟೊ ತೆಗೆಸಿಕೊಳ್ಳಲಿ, ಬೇಡ ಅನ್ನಬೇಡಿ. ಆಮೇಲೆ ಒಳಗೆ ಕರೆದುಕೊಂಡು ಹೋಗಿ ಆ ಡೇರೆಯ ಕತೆ ಹೇಳಿ.