ತೊರೆಯ ದಡದಲ್ಲಿ ಓಡಿದ ಕಾಲ

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್. ಊರ ನಟ್ಟನಡುವೆ, ಗಾಜಿನ ಕಟ್ಟಡಗಳ ಬುಡದಲ್ಲಿ, ರಸ್ತೆಗಿಂತ ತಗ್ಗಿನಲ್ಲಿ ಒಂದು ತೊರೆ ಹರಿಯುತ್ತದೆ. ಹೆಸರು ಚಂಗ್ಗೆಚನ್. ಮಧ್ಯಾಹ್ನದ ಬಿಡುವಿಗೆ ಕಚೇರಿಯವರು ಮೆಟ್ಟಿಲಿಳಿದು ಬಂದು ದಡದ ಕಲ್ಲಿನ ಮೇಲೆ ಕೂರುತ್ತಾರೆ. ಮಕ್ಕಳು ನೀರಿನಲ್ಲಿ ಸಾಲಾಗಿಟ್ಟ ಬಂಡೆಗಳನ್ನು ದಾಟಿ ಆಚೆ ದಡ ಮುಟ್ಟುತ್ತಾರೆ. ಇನ್ನಷ್ಟು ಕೆಳಗೆ ನಡೆದರೆ, ತಲೆಯ ಮೇಲೆ ಏನೂ ಹೊರದ ಮೂರು ಕಾಂಕ್ರೀಟ್ ಕಂಬಗಳು ಸುಮ್ಮನೆ ನಿಂತಿವೆ.

1953ರಲ್ಲಿ ಕೊರಿಯಾ ಯುದ್ಧ ನಿಂತಾಗ ಇದೇ ದಡದಲ್ಲಿ ನಿರಾಶ್ರಿತರ ಹಲಗೆ ಗುಡಿಸಲುಗಳು ಮರದ ಕಾಲುಗಳ ಮೇಲೆ ತೂಗಾಡುತ್ತಿದ್ದವು, ಕೆಳಗೆ ಕೊಳಚೆ. 1958ರಿಂದ ತೊರೆಯನ್ನು ಕಾಂಕ್ರೀಟಿನಿಂದ ಮುಚ್ಚುತ್ತ ಬಂದರು. ಮುಚ್ಚಿದ್ದರ ಮೇಲೆ ರಸ್ತೆ, ರಸ್ತೆಯ ಮೇಲೆ ಮೇಲ್ಸೇತುವೆ. 2003ರಲ್ಲಿ ಅದನ್ನೂ ಕೆಡವತೊಡಗಿ, 2005ರಲ್ಲಿ ನೀರನ್ನು ಮತ್ತೆ ಬಿಸಿಲಿಗೆ ತಂದರು. ಆ ಮೂರು ಕಂಬಗಳು ಕೆಡವಿದ ಸೇತುವೆಯ ಗುರುತು. ಅಜ್ಜಿ ಮೂಗು ಮುಚ್ಚಿಕೊಂಡ ಕೊಳಚೆ, ಮಗ ಕಾರು ಓಡಿಸಿದ ರಸ್ತೆ, ಮೊಮ್ಮಗಳು ಕಾಲಾಡಿಸುವ ನೀರು ಎಲ್ಲವೂ ಒಂದೇ ಜಾಗ. ಎಲ್ಲವನ್ನೂ ಕಂಡ ಕಣ್ಣುಗಳು ಇನ್ನೂ ಇವೆ.

ಇಷ್ಟು ಅವಸರ ಸಾಧ್ಯವಾದದ್ದು ಕಾಲದ ದೆಸೆಯಿಂದ. ಕೈಗಾರಿಕೆಯತ್ತ ಇಂಗ್ಲೆಂಡ್ ಮೊದಲು ಹೊರಟಿತು. ಯಂತ್ರವನ್ನೂ ದಾರಿಯನ್ನೂ ತಾನೇ ಹುಡುಕಿಕೊಳ್ಳಬೇಕಿತ್ತು. ಕೊರಿಯಾ ಹೊರಟಾಗ ಯಂತ್ರಗಳು ಸಿದ್ಧವಾಗಿದ್ದವು. ಶೀತಲ ಸಮರದ ಆ ದಿನಗಳಲ್ಲಿ ಅಮೆರಿಕದ ನೆರವೂ ಇತ್ತು, ಮಾರುಕಟ್ಟೆಯೂ ತೆರೆದಿತ್ತು. ಕೂದಲಿನ ಟೋಪನ್‌ನಿಂದ ಸಿದ್ಧ ಉಡುಪಿನವರೆಗೆ ಎಲ್ಲವೂ ಹಡಗು ಹತ್ತಿದವು. 1964ರಲ್ಲಿ ಹತ್ತು ಕೋಟಿ ಡಾಲರ್ ಮುಟ್ಟಿದ ರಫ್ತು 1977ರಲ್ಲಿ ಸಾವಿರ ಕೋಟಿ ಮುಟ್ಟಿತು. ಹದಿಮೂರೇ ವರ್ಷ, ನೂರು ಪಟ್ಟು! ಹಸಿದಿದ್ದ ದೇಶ ಉಂಡಿತು. ಅದು ಸಣ್ಣ ಮಾತಲ್ಲ.

ಸಿದ್ಧ ಉಡುಪು ಹೊಲಿಯುತ್ತಿದ್ದ ಒಂದು ಜಾಗವೂ ಇದೇ ತೊರೆಯ ಪಕ್ಕದಲ್ಲಿದೆ: ಪ್ಯೋಂಗ್ವಾ, ಅಂದರೆ ಶಾಂತಿ ಮಾರುಕಟ್ಟೆ. ಅಲ್ಲಿ ಒಂದು ಕೋಣೆಯ ಎತ್ತರವನ್ನು ಅಡ್ಡ ಸೀಳಿ, ನಡುವೆ ಅಟ್ಟ ಹಾಕಿದ್ದರು. ಬೆನ್ನು ನೆಟ್ಟಗೆ ಮಾಡಿ ನಿಲ್ಲಲಾಗದ ಆ ಅಟ್ಟದಲ್ಲಿ, ದೀಪದ ಬೆಳಕಿನಲ್ಲಿ, ಹದಿಮೂರು ಹದಿನಾಲ್ಕರ ಹುಡುಗಿಯರು ದಿನಕ್ಕೆ ಹದಿನಾಲ್ಕು ಗಂಟೆ ದುಡಿಯುತ್ತಿದ್ದರು. ಬಟ್ಟೆಯ ಧೂಳು ಎದೆಗಿಳಿಯುತ್ತಿತ್ತು. ಅಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಜೊನ್ ತೆ-ಇಲ್ ಎಂಬ ಯುವಕ ತನ್ನ ಬಸ್ಸಿನ ಕಾಸಿನಲ್ಲಿ ಈ ಹುಡುಗಿಯರಿಗೆ ಹಿಟ್ಟಿನ ರೊಟ್ಟಿ ಕೊಡಿಸಿ, ರಾತ್ರಿ ಮನೆಗೆ ಗಂಟೆಗಟ್ಟಲೆ ನಡೆದು ಹೋಗುತ್ತಿದ್ದ.

ಇಂಗ್ಲೆಂಡಿನಲ್ಲಿ ಗಿರಣಿ ಮೊದಲು ಬಂತು, ಕಾನೂನು ಕುಂಟುತ್ತ ಹಿಂದೆ ಬಂತು. ಕ್ರೋಮ್‌ಫರ್ಡ್‌ ಎಂಬಲ್ಲಿ ಆರ್ಕ್‌ರೈಟ್ ಎಂಬಾತ ನೂಲಿನ ಗಿರಣಿ ಹೂಡಿದ್ದು 1771ರಲ್ಲಿ. ಹೆಂಗಸರಿಗೂ ಎಳೆಯರಿಗೂ ಹತ್ತು ಗಂಟೆಯ ದುಡಿಮೆಯ ಮಿತಿ ಬಂದದ್ದು 1847ರಲ್ಲಿ. ಕೊರಿಯಾದಲ್ಲಿ ಇದು ತಿರುವುಮುರುವು. ಕಾರ್ಮಿಕ ಕಾನೂನು 1953ರಲ್ಲೇ ಅಚ್ಚಾಗಿತ್ತು, ಅಟ್ಟಗಳಿಗೆ ಮಾತ್ರ ಇಳಿದಿರಲಿಲ್ಲ. ಜೊನ್ ಆ ಕಾನೂನಿನ ಪುಸ್ತಕ ಕೊಂಡ. ಅದರ ತುಂಬ ಚೀನೀ ಅಕ್ಷರಗಳು. ಓದಿ ಹೇಳಲು ಕಾಲೇಜು ಕಲಿತ ಗೆಳೆಯನೊಬ್ಬನಿದ್ದಿದ್ದರೆ ಎಂದು ಹಂಬಲಿಸಿದ. ಅಧಿಕಾರಿಗಳ ಬಾಗಿಲು ಬಡಿದ, ಯಾರೂ ಕೇಳಲಿಲ್ಲ. 1970ರ ನವೆಂಬರ್ 13ರಂದು, ಮಾರುಕಟ್ಟೆಯ ಮುಂದೆ, ಆ ಪುಸ್ತಕದೊಂದಿಗೆ ತನ್ನನ್ನೂ ಬೆಂಕಿಗೆ ಒಪ್ಪಿಸಿದ. ಆಗ ಅವನಿಗೆ ಇಪ್ಪತ್ತೆರಡು. ‘ನಾವು ಯಂತ್ರಗಳಲ್ಲ’ ಎಂಬುದು ಅವನ ಕೂಗಾಗಿತ್ತು. ಆ ಕೂಗು ದೇಶದ ಕಾರ್ಖಾನೆಗಳನ್ನೆಲ್ಲ ತುಂಬಲು 1987ರ ಬೇಸಿಗೆಯ ಮುಷ್ಕರಗಳವರೆಗೆ ಕಾಯಬೇಕಾಯಿತು.

ತಡವಾಗಿ ಹೊರಟ ದೇಶ ಯಂತ್ರವನ್ನು ಕಡ ತರಬಹುದು, ಕಾನೂನಿನ ಪುಸ್ತಕವನ್ನೂ ತರಬಹುದು. ಅವೆರಡನ್ನೂ ಬದುಕಿಗೆ ಒಗ್ಗಿಸಿಕೊಳ್ಳುವ ಹೊತ್ತನ್ನು ಯಾರೂ ಕಡ ಕೊಡುವುದಿಲ್ಲ. ಅದನ್ನು ದೇಶ ತನ್ನ ಜನರ ನಿದ್ದೆಯಿಂದ, ಬಾಲ್ಯದಿಂದ, ಮನೆಯಿಂದಲೇ ಕಿತ್ತುಕೊಳ್ಳುತ್ತದೆ. ಆ ಸಾಲ ಕೊರಿಯಾದಲ್ಲಿ ಇನ್ನೂ ತೀರಿದಂತಿಲ್ಲ, ಮಗು ಸಾಕುವ ಹೊತ್ತೂ ಅದರಲ್ಲೇ ಹೋದಂತಿದೆ: 2023ರಲ್ಲಿ ಅಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 0.72 ಮಗು.

ತೊರೆಯ ಮೇಲಿನ ಸೇತುವೆಯೊಂದರಲ್ಲಿ ಈಗ ಜೊನ್‌ನ ಪ್ರತಿಮೆ ಇದೆ, ಸೊಂಟದವರೆಗೆ ಮಾತ್ರ, ನೆಲದಿಂದ ಎದ್ದು ಬರುತ್ತಿರುವಂತೆ. ಪಕ್ಕದ ಮಾರುಕಟ್ಟೆಯಲ್ಲಿ ಬಟ್ಟೆಯ ವ್ಯಾಪಾರ ಇಂದಿಗೂ ನಡೆದಿದೆ. ಒಂದು ದೇಶ ಎಷ್ಟು ಬೇಗ ಬೆಳೆಯಿತು ಎಂದು ಬೆರಗಾಗುವಾಗ, ಆ ವೇಗ ಯಾರ ಹೊತ್ತಿನಿಂದ ಬಂತು ಎಂದೂ ಕೇಳೋಣ.