ಮಂಜಿಯ ಬಾಳು

ಹಡಗೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಪಯಣ. ಮಂಗಳೂರಿನ ಹಳೆಯ ಬಂದರಿನ ಬಳಿ ಬೆಳೆದ ನನಗೆ ಮಾತ್ರ ಮಂಜಿ ಎಂದರೆ ಮೊದಲು ನೆನಪಾಗುವುದು ಒಂದು ಹಲಗೆ. ದಕ್ಕೆಗೂ ಆ ಮರದ ಸರಕುಹಡಗಿಗೂ ನಡುವೆ ಹಾಸಿದ, ಕಾಲಿಟ್ಟಂತೆಲ್ಲ ತೂಗುವ ಹಲಗೆ. ಅದರ ಮೇಲೆ ಅಕ್ಕಿಮೂಟೆ ಹೊತ್ತವರು ಸಾಲಾಗಿ ನಡೆಯುತ್ತಿದ್ದರು. ಮಂಜಿಯ ಆಯುಷ್ಯದಲ್ಲಿ ಹೆಚ್ಚಿನ ಪಾಲು ಹೀಗೆ ದಡದಲ್ಲೇ ಸಂದುಹೋಗುತ್ತದೆ.

ನೇತ್ರಾವತಿ, ಗುರುಪುರ ನದಿಗಳು ಕೂಡಿ ಕಡಲು ಸೇರುವ ಅಳಿವೆಯಲ್ಲಿ ಮರಳಿನ ದಿಬ್ಬವುಂಟು. ದೊಡ್ಡ ಹಡಗುಗಳು ಅದರಾಚೆಗೇ ಲಂಗರು ಹಾಕಬೇಕಾಗಿತ್ತು. ಮಂಜಿಯಾದರೋ ಭರತ ನೋಡಿಕೊಂಡು ಒಳಬರುತ್ತಿತ್ತು. 1974ರಲ್ಲಿ ಪಣಂಬೂರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಆದರೂ ಮಂಜಿ ಉಳಿಯಿತು. ಏಕೆಂದರೆ ಅದರ ದಾರಿಯ ಇನ್ನೊಂದು ತುದಿಯಾದ ಲಕ್ಷದ್ವೀಪದಲ್ಲಿಯೂ ಹವಳದ ಬಂಡೆಗಳ ಬೇಲಿಯಿದೆ. ಅದರ ಕಿರುಗಂಡಿಯಲ್ಲಿ ನುಸುಳಲು ಚಿಕ್ಕ ಹಡಗೇ ಬೇಕು.

ಈ ನಂಟು ಹಳೆಯದು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಬ್ರಿಟಿಷ್ ಸರಕಾರ ಅಲ್ಲಿಯ ತೆಂಗಿನ ನಾರಿನ ಹುರಿಯನ್ನು ತಾನೇ ಕೊಂಡು, ಬದಲಿಗೆ ಅಕ್ಕಿ ಕೊಡುತ್ತಿತ್ತು. ಅಮಿನಿಗೆ ಇಲ್ಲಿಂದ ಸುಮಾರು 300 ಕಿಲೋಮೀಟರು. ಹಾಯಿಯ ಕಾಲದಲ್ಲಿ ಎಷ್ಟು ದಿನದ ದಾರಿಯೆಂಬುದನ್ನು ಗಾಳಿಯೇ ಹೇಳಬೇಕಿತ್ತು. ಡೀಸೆಲ್ ಎಂಜಿನ್ ಬಂದ ಮೇಲೆ ಲೆಕ್ಕ ಗಂಟೆಗಳಿಗೆ ಇಳಿಯಿತು.

ಹೊರೆ ತುಂಬುವುದೇ ಒಂದು ವಿದ್ಯೆ. ಹೋಗುವಾಗ ಸಿಮೆಂಟು, ಜಲ್ಲಿ, ಹೆಂಚು, ಅಕ್ಕಿ, ತರಕಾರಿ, ಜೊತೆಗೆ ಒಂದಷ್ಟು ಆಡು. ಭಾರವಾದದ್ದು ತಳಕ್ಕೆ, ಬಾಡುವಂಥದು ಮೇಲಕ್ಕೆ. ಮರದ ಹಡಗು ಎಷ್ಟು ಬಿಗಿಯಾಗಿದ್ದರೂ ತುಸು ನೀರು ಒಸರಿಯೇ ಒಸರುತ್ತದೆ. ಆದ್ದರಿಂದ ಅಕ್ಕಿಯ ಕೆಳಗೆ ಹಲಗೆ, ಚಾಪೆ. ಬರುವಾಗಿನ ಕೊಬ್ಬರಿ, ನಾರು ಹೊಟ್ಟೆ ತುಂಬುತ್ತವೆಯೇ ಹೊರತು ತೂಕ ಕೊಡುವುದಿಲ್ಲ. ಹಗುರಾದ ಹಡಗು ಅಲೆಗೆ ಹೊರಳದಂತೆ ತಳದಲ್ಲಿ ಭಾರ ಇಡಬೇಕು. ಇದನ್ನೆಲ್ಲ ತೂಗಿ ನೋಡುವವನು ತಂಡೇಲ. ಅವನ ತಕ್ಕಡಿ ಕಣ್ಣು.

ಒಮ್ಮೆ ಹೊರಟ ಮಂಜಿಯೊಂದು ಮರುದಿನವೇ ಹಿಂದಿರುಗಿತ್ತು. ನೆನೆದ ಅಕ್ಕಿಯನ್ನು ದಕ್ಕೆಯ ಮೇಲೆ ಹರಡಿದ್ದರು. ಹುಡುಗರಾದ ನಾವು ಕಾಗೆ ಓಡಿಸುತ್ತ ನಲಿದೆವು. ತಂಡೇಲ ಮಾತ್ರ ಯಾರೊಡನೆಯೂ ಮಾತಾಡದೆ ಕುಳಿತಿದ್ದ. ಆಗ ಮೇ ತಿಂಗಳು. ಮಳೆಗಾಲದ ನಾಲ್ಕು ತಿಂಗಳು ಮಂಜಿ ಕಡಲಿಗಿಳಿಯುವುದಿಲ್ಲ. ದ್ವೀಪದವರ ಮಳೆಗಾಲದ ದಾಸ್ತಾನು ಆ ಮುನ್ನವೇ ತಲುಪಬೇಕು ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಆ ತಿಂಗಳುಗಳಲ್ಲಿ ಮಂಜಿ ನದಿಯ ಮರೆಯಲ್ಲಿರುತ್ತದೆ. ಹಲಗೆಗಳ ಸಂದಿಗೆ ಎಣ್ಣೆಯಲ್ಲಿ ಅದ್ದಿದ ಹತ್ತಿಯ ನೂಲನ್ನು ಉಳಿಯಿಂದ ಬಡಿದು ತುರುಕುತ್ತಾರೆ. ಸೆಪ್ಟೆಂಬರಿನಲ್ಲಿ ಅಳಿವೆಯ ನೊರೆ ಇಳಿದೊಡನೆ ಹಲಗೆಯನ್ನು ಮತ್ತೆ ದಕ್ಕೆಗೆ ಹಾಸುತ್ತಾರೆ.