ಮಂಜುಗಡ್ಡೆಯ ಹಂಗಿಲ್ಲದ ಲಸಿಕೆ

2021ರ ಮೇ 2ರಿಂದ 3ರವರೆಗೆ, ಒಂದು ಹಗಲಿರುಳಿನೊಳಗೆ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಅಭಾವದ ನಡುವೆ 24 ರೋಗಿಗಳು ಅಸುನೀಗಿದರು. ಬೇನೆ ಹೊಕ್ಕ ಮೇಲೆ ಹಲುಬುವುದಕ್ಕಿಂತ ಮುಂಚಿತವಾಗಿ ಲಸಿಕೆ ಹಾಕಿಸುವುದು ಮೇಲು, ನಿಜ. ಆದರೆ ಅದನ್ನು ತಲುಪಿಸುವುದೆಂತು? ಗುಂಡ್ಲುಪೇಟೆಯಿಂದಾಚೆ ಬಂಡೀಪುರದ ಕಾಡಂಚಿನ ಹಾಡಿಗಳಿಗೂ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಗೂ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟೇ ಒಯ್ಯಬೇಕು. 2ರಿಂದ 8 ಡಿಗ್ರಿಯ ತಂಪು ತಪ್ಪುವಂತಿಲ್ಲ. 2022ರ ಮಾರ್ಚ್ 16ರಿಂದ ದೇಶದ 12ರಿಂದ 14 ವಯಸ್ಸಿನ ಮಕ್ಕಳಿಗೆ ಹಾಕಿದ ಕಾರ್ಬೆವ್ಯಾಕ್ಸ್ ಸಸಾರಜನಕದ ಲಸಿಕೆಯೇ. ಅದಕ್ಕೂ ಈ ಕಟ್ಟಳೆ ತಪ್ಪಲಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವನ್ ವರದರಾಜನ್ ಅವರ ತಂಡವು ಮಿನ್‌ವ್ಯಾಕ್ಸ್ ಸಂಸ್ಥೆಯೊಡಗೂಡಿ ಈ ತೊಡಕಿಗೇ ಕೈಹಾಕಿತು. ಕೊರೋನಾ ವೈರಾಣುವಿನ ಮೈಮೇಲೆ ಮುಳ್ಳುಗಳಂತಹ ಸಸಾರಜನಕಗಳುಂಟು. ಇಡಿಯ ವೈರಾಣುವನ್ನು ದೇಹಕ್ಕೆ ಹೊಗಿಸುವುದೇಕೆ? ಮುಳ್ಳಿನ ತುಣುಕೊಂದು ಸಾಕು, ದೇಹವು ಹಗೆಯ ಗುರುತು ಹಿಡಿಯುತ್ತದೆ. ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳುವ ತುದಿಯ ಭಾಗವನ್ನೇ ರೂಪಿಸಿ ಒಣಗಿಸಿದಾಗ ಅದು 37 ಡಿಗ್ರಿ ಶಾಖದಲ್ಲಿ ಒಂದು ತಿಂಗಳು, 100 ಡಿಗ್ರಿಯಲ್ಲಿ 90 ನಿಮಿಷ ಕೆಡದೆ ಉಳಿಯಿತು. ನೀರು ಕುದಿಯುವ ಶಾಖವದು!

ಆದರೆ ಈ ತುದಿ ಬಹುರೂಪಿ. ಹೊಸ ತಳಿ ಹುಟ್ಟಿದಾಗಲೆಲ್ಲ ವೇಷ ಬದಲಿಸುತ್ತದೆ. ಆದುದರಿಂದ, ಅಷ್ಟಾಗಿ ಮಾರ್ಪಡದ ಬುಡದ ಅಂಶವನ್ನೂ ಕೂಡಿಸಿ ಆರ್‌ಎಸ್2 ಎಂಬ ಕೃತಕ ಸಸಾರಜನಕವನ್ನು ನಿರ್ಮಿಸಿದರು. 2024ರಲ್ಲಿ ಇದರ ವಿವರ ಪ್ರಕಟವಾಯಿತು. ತಂಪಿಲ್ಲದ ಕೋಣೆಯಲ್ಲಿ ತಿಂಗಳಿಟ್ಟರೂ ಇದು ಹಾಳಾಗದು. ಇಲಿಗಳಿಗೂ ಹ್ಯಾಮ್‌ಸ್ಟರ್‌ಗಳಿಗೂ ರಕ್ಷಣೆ ನೀಡಿತು. ಇಲಿಯಲ್ಲಿ ಗೆದ್ದುದು ಮನುಷ್ಯನಲ್ಲಿಯೂ ಗೆದ್ದೀತೆಂದು ಹೇಳುವಂತಿಲ್ಲ. ಅದು ಬೇರೆಯೇ ಪರೀಕ್ಷೆ.